ಅಳಿಯಂದಿರೇ, ಬಾಣಂತಿ ಕೋಣೆಗೂ ಬನ್ನಿ

ನಮ್ಮ ಬೈಲಹೊಂಗಲ ಸೀಮೆಯಲ್ಲಿ ಅಳಿಯನಿಗೆ ಸಿಗುವ ಮರ್ಯಾದೆ ದೇವರಿಗೂ ಸಿಗಲಿಕ್ಕಿಲ್ಲ. ಬಂದ ಕೂಡಲೇ ಕಾಲಿಗೆ ನೀರು, ಪಡಸಾಲೆಯಲ್ಲಿ ಜಮಖಾನೆ, ಊಟಕ್ಕೆ ಹೋಳಿಗೆ. ಆದರೆ ಮಗಳು ಹಡೆದು ಮಲಗಿರುವಾಗ ಇದೇ ಮರ್ಯಾದೆ ಅಳಿಯನನ್ನು ಪಡಸಾಲೆಯಿಂದ ಆಚೆ ಬಿಡುವುದಿಲ್ಲ. ಯಾರೋ ಕೂಸನ್ನು ಎತ್ತಿಕೊಂಡು ಬಂದು ತೋರಿಸುತ್ತಾರೆ. ಅವನು ಅದರ ಮುಷ್ಟಿಗೆ ಐನೂರರ ನೋಟು ಸಿಗಿಸುತ್ತಾನೆ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾನೆ, ಉಂಡು ಸಂಜೆ ಬಸ್ಸಿಗೆ ಹೊರಟುಬಿಡುತ್ತಾನೆ. ಹೆಂಡತಿಯ ಜೊತೆ ನಾಲ್ಕು ಮಾತು ಆಡಿದರೆ ಹೆಚ್ಚು, ಅದೂ ಬಾಗಿಲಲ್ಲಿ ನಿಂತು.

ನೇಸರಗಿಯ ಸುತ್ತಲಿನ ಹಳ್ಳಿಗಳಲ್ಲಿ ನರ್ಸಬಾಯಿಯಾಗಿ ಮನೆಮನೆ ತಿರುಗಿ, ಈಗ ನಿವೃತ್ತಿಯಾಗಿ ಮನೆಯಲ್ಲಿ ಕುಳಿತವಳು ನಾನು. ಈ ಭಾಗದಲ್ಲಿ ಬಾಣಂತನದ ಬಗ್ಗೆ ಹೆಣ್ಣುಮಕ್ಕಳಿಗೆ ಹೇಳುವವರು ಬೇಕಾದಷ್ಟು ಜನ. ತಾಯಿ ಹೇಳುತ್ತಾಳೆ, ಅಜ್ಜಿ ಹೇಳುತ್ತಾಳೆ, ಓಣಿಯ ನಾಲ್ಕು ಮಂದಿ ಬಂದು ಹೇಳುತ್ತಾರೆ. ಹೊಸದಾಗಿ ಅಪ್ಪನಾದವನಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಹಾಗಾಗಿ ಈ ಮಾತು ನಿಮಗೆ, ಅಳಿಯಂದಿರಿಗೆ. ಪುಣೆಯಲ್ಲಿ ಕಂಪನಿ ಕೆಲಸ ಮಾಡುವವರಿರಲಿ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂಡುವವರಿರಲಿ, ಯರಗಟ್ಟಿಯಲ್ಲಿ ಕಬ್ಬು ಬೆಳೆಯುವವರಿರಲಿ, ಎಲ್ಲರಿಗೂ ಒಂದೇ ಮಾತು: ಬಾಣಂತನ ಅತ್ತೆಯ ಮನೆಯ ಕೆಲಸವಷ್ಟೇ ಅಲ್ಲ, ಅದರಲ್ಲಿ ನಿಮ್ಮ ಪಾಲೂ ಇದೆ. ಆ ಪಾಲು ಹೇಗೆ ಹೊರಬೇಕು ಎಂಬುದನ್ನು ಹೇಳುತ್ತೇನೆ, ಕೇಳಿ.

ದವಾಖಾನೆಯಿಂದಲೇ ಶುರು ಮಾಡೋಣ.

ಹಿಂದೆ ಹೆರಿಗೆ ಮನೆಯಲ್ಲಾಗುತ್ತಿತ್ತು. ಸೂಲಗಿತ್ತಿ ಬೇನೆ ತಿನ್ನುವವಳ ಬೆನ್ನು ಉಜ್ಜುತ್ತ, ಧೈರ್ಯ ಹೇಳುತ್ತ ರಾತ್ರಿಯಿಡೀ ಪಕ್ಕದಲ್ಲೇ ಕೂಡುತ್ತಿದ್ದಳು. ಪಾವಗಡದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅಂಥವರ ಕೈಗುಣ ದೊಡ್ಡದು, ಜೊತೆಗಿರುವ ಗುಣ ಅದಕ್ಕಿಂತ ದೊಡ್ಡದು. ಈಗ ಹೆರಿಗೆ ದವಾಖಾನೆಗೆ ಬಂದಿದೆ, ಬರಬೇಕಾದದ್ದೇ. ಆದರೆ ಜೊತೆಗಿರುವವರು ಕಡಿಮೆಯಾಗಿದ್ದಾರೆ. ಹೆರಿಗೆಯ ಕೋಣೆಯೊಳಗೆ ಅತ್ತೆಯೋ ನಾದಿನಿಯೋ ಹೋಗಲಿ, ನೀವು ಹೊರಗಿನ ಕಟ್ಟೆಯ ಮೇಲಾದರೂ ಇರಬೇಕು. ರಕ್ತ ಬೇಕೆಂದರೆ, ಬೈಲಹೊಂಗಲಕ್ಕೋ ಬೆಳಗಾವಿಗೋ ಕರೆದೊಯ್ಯಬೇಕೆಂದರೆ, ಸಹಿ ಹಾಕಬೇಕೆಂದರೆ ಆಗ ನಿಮ್ಮನ್ನು ಫೋನಿನಲ್ಲಿ ಹುಡುಕುವಂತಾಗಬಾರದು.

ಕೂಸು ಹುಟ್ಟಿದ ಮೊದಲ ಒಂದು ಗಂಟೆಯೊಳಗೆ ಅದು ತಾಯಿಯ ಎದೆಗೆ ಬರಬೇಕು. ಮೊದಲೆರಡು ಮೂರು ದಿನ ಬರುವ ಹಾಲು ಹಳದಿಯಾಗಿ, ಗಟ್ಟಿಯಾಗಿ ಇರುತ್ತದೆ. ‘ಅದು ಕೆಟ್ಟ ಹಾಲ, ಹಿಂಡಿ ಚೆಲ್ಲವಾ’ ಅನ್ನುವ ಹಿರಿಯರು ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲಿ ಎಮ್ಮೆ ಈದಾಗ ಕರುವಿಗೆ ಗಿಣ್ಣದ ಹಾಲು ಕುಡಿಸದೆ ಬಿಡುತ್ತೀರಾ? ಕುಡಿಸದಿದ್ದರೆ ಕರು ಬದುಕುವುದೇ ಕಷ್ಟವೆಂದು ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೂಸಿಗೂ ಅದೇ ಲೆಕ್ಕ. ರೋಗ ತಡೆಯುವ ಶಕ್ತಿ ಆ ಹಾಲಿನಲ್ಲಿ ಹೇರಳವಾಗಿ ಇರುತ್ತದೆ. ಪ್ರಮಾಣ ಕಡಿಮೆ ಎಂದು ಹೆದರಬೇಡಿ. ಮೊದಲ ದಿನ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದೇ ಸುಮಾರು ಒಂದು ಚಮಚದಷ್ಟು.

‘ಹಾಲ ಇನ್ನೂ ಇಳದಿಲ್ಲ, ಅಲ್ಲಿತನ ಸಕ್ರಿ ನೀರ ಹಾಕ್ರಿ’ ಎಂಬ ಮಾತು ಬಂದಾಗ ನೀವು ಮೆಲ್ಲಗೆ ತಡೆಯಬೇಕು. ಸಕ್ಕರೆ ನೀರು ಬೇಡ, ಜೇನುತುಪ್ಪ ಬೇಡ. ಜೇನಿನಲ್ಲಿ ಎಳೆಗೂಸಿನ ಕರುಳಿನೊಳಗೆ ವಿಷ ಹುಟ್ಟಿಸುವ ಒಂದು ಜಾತಿಯ ರೋಗಾಣು ಇರಬಹುದು. ಹಾಗಾಗಿ ಒಂದು ವರ್ಷ ತುಂಬುವತನಕ ಅದನ್ನು ನೆಕ್ಕಿಸಲೇಬಾರದು. ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ‘ಕತ್ತಿ ಹಾಲಾ’ ಎಂದು ಕೂಗುತ್ತ ಬರುವವನನ್ನು ಮಾತಾಡಿಸಿ ಕಳಿಸಿಬಿಡಿ. ಹಸಿ ಹಾಲಿನಿಂದ ಕೂಸಿಗೆ ಶಕ್ತಿ ಬರುವುದಕ್ಕಿಂತ ಹೊಟ್ಟೆ ಕೆಡುವುದೇ ಹೆಚ್ಚು. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಗುಟಕು ನೀರೂ ಬೇಡ. ನಮ್ಮ ಬೇಸಿಗೆಯಲ್ಲೂ ಬೇಡ. ತಾಯಿಯ ಹಾಲಿನಲ್ಲಿ ಹೆಚ್ಚಿನ ಪಾಲು ನೀರೇ.

ಇನ್ನು ದವಾಖಾನೆಯಿಂದ ಮನೆಗೆ ಹೋಗುವ ಅವಸರ. ‘ನಾಳಿ ಅಮಾಸಿ ಐತ್ರಿ, ಇವತ್ತ ಬಿಟ್ಟಬಿಡ್ರಿ’ ಎಂದು ಹೆರಿಗೆಯಾದ ಮರುದಿನವೇ ಡಾಕ್ಟರ ಮುಂದೆ ಬಂದು ನಿಲ್ಲುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಹಾಗೆ ಕೇಳಲು ಮುಂದೆ ಬರುವವರು ಹೆಚ್ಚಾಗಿ ಗಂಡಸರೇ. ಸಹಜ ಹೆರಿಗೆಯಾದರೂ 48 ತಾಸು ದವಾಖಾನೆಯಲ್ಲಿ ಇರಲೇಬೇಕು. ಹಡೆದವಳಿಗೆ ಅತಿದೊಡ್ಡ ಗಂಡಾಂತರ ರಕ್ತಸ್ರಾವ, ಅದರಲ್ಲೂ ಮೊದಲ 24 ತಾಸು.

ಈ ವಿಷಯದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹೆಣ್ಣುಮಕ್ಕಳು ಜಗತ್ತಿಗೇ ಉಪಕಾರ ಮಾಡಿದ್ದಾರೆ. ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ಸಂಶೋಧಕರ ಜೊತೆಗೂಡಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸುವ ನರ್ಸಬಾಯಂದಿರು, ಹೆರಿಗೆಯಾದ ಕೂಡಲೇ ಸುಮಾರು ಅರ್ಧದಷ್ಟು ಬಾಣಂತಿಯರಿಗೆ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟರು. ಒಟ್ಟು 1,620 ಮಂದಿ ಭಾಗವಹಿಸಿದ್ದರು. ಔಷಧದ ಗುಳಿಗೆ ನುಂಗಿದವರಲ್ಲಿ ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಯುವ ಔಷಧವೆಂದು ಈ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಹಳ್ಳಿಗಳ ಬಾಣಂತಿಯರಿಂದ ಜಗತ್ತು ಕಲಿತ ಪಾಠವನ್ನು ಅಮಾಸಿಯ ನೆಪ ಹೇಳಿ ನಾವೇ ಮರೆಯುವುದು ತರವಲ್ಲ. ಅಮಾಸಿ ಇದ್ದರೆ ಅದನ್ನೂ ದವಾಖಾನೆಯಲ್ಲೇ ಕಳೆಯಿರಿ. ಸರಕಾರಿ ದವಾಖಾನೆಯಲ್ಲಿ ಹೆರಿಗೆ, ಔಷಧ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ 2011ರಿಂದ ಪುಕ್ಕಟೆ.

ಬಿಡುಗಡೆಗೆ ಮೊದಲು ನೀವು ಕೇಳಿ ತಿಳಿಯಬೇಕಾದದ್ದು ಒಂದಿದೆ. ಬಿಸಿಜಿ ಆಯಿತೇ, ಪೋಲಿಯೊ ಹನಿ ಹಾಕಿದರೇ, 24 ತಾಸಿನೊಳಗೆ ಕೊಡಬೇಕಾದ ಹೆಪಟೈಟಿಸ್-ಬಿ ಸೂಜಿ ಆಯಿತೇ, ತಾಯಿ ಕಾರ್ಡಿನಲ್ಲಿ ಬರೆದರೇ. ಮುಂದಿನ ಸೂಜಿ ಒಂದೂವರೆ ತಿಂಗಳಿಗೆ. ಆ ತಾರೀಖು ನಿಮ್ಮ ಮೊಬೈಲಿನಲ್ಲಿ ಇರಲಿ.

ಈಗ ಮನೆಗೆ ಬರೋಣ. ಬಾಗಿಲಲ್ಲಿ ರೊಟ್ಟಿ ತುಂಡು, ನೀರು ನಿವಾಳಿಸಿ ತಾಯಿಯನ್ನೂ ಕೂಸನ್ನೂ ಒಳಗೆ ಕರೆದುಕೊಳ್ಳುತ್ತಾರೆ. ನೋಡಲು ಚೆಂದ, ಯಾರಿಗೂ ತೊಂದರೆಯಿಲ್ಲ. ಮುಂದಿನದು ಬಾಣಂತಿ ಕೋಣೆ. ಕಿಟಕಿ ಮುಚ್ಚಿ, ಬಾಗಿಲಿಗೆ ಪರದೆ ಇಳಿಬಿಟ್ಟು, ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು, ಅದರ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸುತ್ತಾರೆ. ಕೂಸಿಗೆ ಕುಂಚಿಗೆ ಕಟ್ಟಿ, ತಾಯಿಯ ಕಿವಿಗೆ ಅರಳೆ ತುರುಕಿ ತಲೆಗೆ ಬಟ್ಟೆ ಬಿಗಿಯುತ್ತಾರೆ.

ಇದನ್ನೆಲ್ಲ ನೋಡಿ ಓದಿದ ಅಳಿಯಂದಿರು ಎರಡು ದಾರಿ ಹಿಡಿಯುತ್ತಾರೆ. ಒಬ್ಬ ‘ಇದೆಲ್ಲಾ ಮೂಢನಂಬಿಕಿ’ ಎಂದು ಹಾರಾಡಿ ಅತ್ತೆಯ ಕಣ್ಣಲ್ಲಿ ನೀರು ತರಿಸುತ್ತಾನೆ. ಇನ್ನೊಬ್ಬ ‘ಹೆಂಗಸರ ವಿಷಯ, ನಮಗ್ಯಾಕ’ ಎಂದು ಅಂಗಳಕ್ಕೆ ಹೋಗಿ ನಿಲ್ಲುತ್ತಾನೆ. ಎರಡೂ ಬೇಡ. ಈ ಕೋಣೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳ ಇದೆ, ಬಿಡಬೇಕಾದದ್ದು ಸ್ವಲ್ಪ ಇದೆ. ಎರಡನ್ನೂ ಬೇರೆ ಮಾಡಿ ನೋಡಿ.

ಬಾಣಂತಿಯನ್ನು ಮನೆಗೆಲಸದಿಂದ ಬಿಡಿಸಿ ಮಲಗಿಸುವುದು, ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ಬಂದವರೆಲ್ಲ ಕೋಣೆಗೆ ನುಗ್ಗದಂತೆ ಕಾಯುವುದು, ಕೂಸನ್ನು ಬೆಚ್ಚಗಿಡುವುದು, ಇವೆಲ್ಲ ಚಿನ್ನದಂಥ ರೂಢಿಗಳು. ವಿದೇಶದಲ್ಲಿ ಇರುವ ನಮ್ಮ ಹುಡುಗಿಯರು ಹಡೆದು ವಾರದೊಳಗೆ ತಾವೇ ಅಡಿಗೆಗೆ ನಿಲ್ಲುವುದನ್ನು ಕೇಳಿದಾಗ ತವರಿನ ಬಾಣಂತನ ಎಂಥ ಆಸ್ತಿ ಎಂಬುದು ತಿಳಿಯುತ್ತದೆ. ಬಿಡಬೇಕಾದದ್ದು ಹೊಗೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬಿಕೊಳ್ಳುತ್ತದೆ, ಹೊಗೆಯಿಂದ ಕೂಸಿನ ಎಳೆ ಪುಪ್ಪುಸ ಕೆಡುತ್ತದೆ. ಬೆಚ್ಚಗಿರಲು ಕೌದಿ ಸಾಕು, ತಾಯಿಯ ಮೈ ಸಾಕು. ಒಂದು ಕಿಟಕಿ ತೆರೆದಿರಲಿ.

‘ನೀರ ಕುಡದ್ರ ಹೊಟ್ಟಿ ದಪ್ಪ ಆಕ್ಕೈತಿ’ ಎಂದು ಬಾಣಂತಿಗೆ ದಿನಕ್ಕೆ ಎರಡು ಲೋಟ ನೀರು ಅಳೆದು ಕೊಡುವ ಮನೆಗಳಿವೆ. ಬಾಯಾರಿಕೆಯಾದಾಗಲೆಲ್ಲ ಆಕೆ ನೀರು ಕುಡಿಯಬೇಕು. ಇಲ್ಲದಿದ್ದರೆ ಮಲಬದ್ಧತೆ, ಉರಿಮೂತ್ರ, ತಲೆಸುತ್ತು ಎಲ್ಲ ಬರುತ್ತವೆ. ಆಕೆಯ ತಲೆದಿಂಬಿನ ಪಕ್ಕ ಒಂದು ತಂಬಿಗೆ ಕಾಯಿಸಿ ಆರಿಸಿದ ನೀರು ತುಂಬಿಡುವ ಕೆಲಸ ನಿಮ್ಮದಾಗಲಿ.

ಕೂಸಿಗೆ ಎರೆಯುವ ಸಂಭ್ರಮದಲ್ಲೂ ಎರಡು ಮಾತು. ಮೊದಲ ದಿನ ಎರೆಯುವುದು ಬೇಡ. ಆಮೇಲೆಯೂ ಹೊಕ್ಕಳಬಳ್ಳಿ ಉದುರುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಂದೆರಡು ವಾರದೊಳಗೆ ಅದು ತಾನಾಗಿ ಒಣಗಿ ಉದುರುತ್ತದೆ. ಅದಕ್ಕೆ ಅರಿಸಿನ, ಬೂದಿ, ಕೊಬ್ಬರಿ ಎಣ್ಣೆ ಏನನ್ನೂ ಹಚ್ಚಬಾರದು. ಎರೆಯುವವಳು ಕಾಲು ನೀಡಿ ಕೂತು, ಕೂಸನ್ನು ಕಾಲಮೇಲೆ ಹಾಕಿಕೊಂಡು, ಮೂಗಿಗೂ ಕಿವಿಗೂ ಎಣ್ಣೆ ಬಿಟ್ಟು, ಎದೆಯ ಗಂಟು ಹಿಂಡಲು ಹೋದರೆ ಅಲ್ಲಿ ತಡೆಯಿರಿ. ಮೂಗಿಗೆ ಬಿಟ್ಟ ಎಣ್ಣೆ ಪುಪ್ಪುಸಕ್ಕೆ ಇಳಿಯುತ್ತದೆ. ಎದೆಯ ಗಂಟು ತಾಯಿಯ ಮೈಯಿಂದ ಬಂದದ್ದು, ಕೆಲವು ವಾರಗಳಲ್ಲಿ ತಾನೇ ಕರಗುತ್ತದೆ, ಹಿಂಡಿದರೆ ಕೀವು ತುಂಬುತ್ತದೆ. ಕಾಡಿಗೆಯನ್ನು ಕಣ್ಣಿಗೆ ಹಚ್ಚುವುದು ಬೇಡ. ದೃಷ್ಟಿ ತಾಗಬಾರದೆಂದರೆ ಅಂಗಾಲಿಗೆ ಒಂದು ಬೊಟ್ಟು ಇಡಿ, ಯಾರ ಮನಸ್ಸೂ ನೋಯುವುದಿಲ್ಲ.

ಇದನ್ನೆಲ್ಲ ಅತ್ತೆಗೆ ಹೇಳುವುದು ಹೇಗೆ? ನೇರ ಹೇಳಿದರೆ ‘ನಾವೇನ ಮಕ್ಕಳನ್ನ ಹಡದಿಲ್ಲೇನ’ ಎಂಬ ಉತ್ತರ ಖಂಡಿತ. ಉಪಾಯ ಹೇಳಿಕೊಡುತ್ತೇನೆ. ದವಾಖಾನೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮವಿದೆ. ಕೂಸನ್ನು ತೂಗಿ ನೋಡುತ್ತಾಳೆ, ಜ್ವರ ನೋಡುತ್ತಾಳೆ, ಉಸಿರು ಎಣಿಸುತ್ತಾಳೆ. ಆ ದಿನಗಳಲ್ಲೊಂದು ದಿನ ನೀವು ಮನೆಯಲ್ಲಿರಿ. ಅತ್ತೆ ಎದುರಿಗೇ ಆಕೆಯನ್ನು ಕೇಳಿ: ‘ಅಕ್ಕಾರ, ಕೂಸಿನ ಮೂಗಿಗೆ ಎಣ್ಣಿ ಬಿಡಬೋದೇನ್ರಿ?’ ಆಶಾ ಉತ್ತರಿಸುತ್ತಾಳೆ, ಅತ್ತೆ ಕೇಳಿಸಿಕೊಳ್ಳುತ್ತಾಳೆ, ನಿಮ್ಮ ಮೇಲೆ ಸಿಟ್ಟು ಬರುವುದಿಲ್ಲ. ಆಮೇಲೆ ‘ಅತ್ತಿ, ನೀವು ಮಾಡಿದ ಅಳವಿ ಪಾಯಸಾ ಆಕಿಗೆ ಬಾಳ ಸೇರೈತಿ’ ಎಂದು ಒಂದು ಮಾತು ಸೇರಿಸಿ. ಸುಳ್ಳೇನಲ್ಲವಲ್ಲ.

ನಿಜಕ್ಕೂ ನಮ್ಮ ಕಡೆಯ ಬಾಣಂತಿ ಊಟವನ್ನು ಯಾವ ಡಾಕ್ಟರೂ ಹೆಸರಿಡಲಾರರು. ಅಳವಿ ಕಾಳಿನಲ್ಲಿ ಕಬ್ಬಿಣಾಂಶ ಹೇರಳ. ಅಂಟಿನ ಉಂಡಿಯಲ್ಲಿ ಉತ್ತತ್ತಿ, ಕೊಬ್ಬರಿ, ಗೋಡಂಬಿ, ತುಪ್ಪ ಇರುತ್ತದೆ. ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಒಗ್ಗರಣೆ, ಬಿಸಿ ಜೋಳದ ರೊಟ್ಟಿ, ಗೋಧಿ ಸಜ್ಜಕ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕು, ಅಂದರೆ ಒಂದು ಹೊತ್ತಿನ ಊಟವೇ ಹೆಚ್ಚು ಬೇಕು. ತಪ್ಪುವುದು ‘ನಂಜು’ ಎಂದು ಹಣ್ಣು, ಸೊಪ್ಪು, ಬೇಳೆ, ಮೊಸರನ್ನು ದೂರವಿಟ್ಟಾಗ. ಅವೆಲ್ಲ ತಿನ್ನಲಿ. ದವಾಖಾನೆಯಲ್ಲಿ ಕೊಟ್ಟ ಕಬ್ಬಿಣದ ಗುಳಿಗೆ ಮತ್ತು ಕ್ಯಾಲ್ಸಿಯಂ ಗುಳಿಗೆ 180 ದಿನ ಬಿಡದೆ ನುಂಗಬೇಕು. ಹಡೆದ ಮೇಲೆ ‘ಇನ್ಯಾಕ ಗುಳಿಗಿ’ ಎಂದು ಗೂಡಿನಲ್ಲಿ ಇಡುವವರೇ ಹೆಚ್ಚು. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ 2017ರ ಅಕ್ಟೋಬರ್ 2ರಿಂದ ಇದೆ, ಬಾಣಂತಿಯರಿಗೂ ಅದರಲ್ಲಿ ಪಾಲಿದೆ. ಸಂಕೋಚಪಡಬೇಡಿ.

ಇಲ್ಲಿ ಖರ್ಚಿನ ಮಾತು ಬರುತ್ತದೆ, ಸ್ವಲ್ಪ ಕಹಿ. ಏಳನೇ ತಿಂಗಳಿನ ಕುಬಸ, ಹೆರಿಗೆ, ಬಾಣಂತನ, ತೊಟ್ಟಿಲು ಎಲ್ಲ ತವರಿನ ಮೇಲೆ ಬೀಳುವ ರೂಢಿ ನಮ್ಮಲ್ಲಿದೆ. ತೊಟ್ಟಿಲಿಗೆ ಬೀಗರು ಎಷ್ಟು ತೊಲಿ ಹಾಕಿದರು, ಬೆಳ್ಳಿ ಉಡದಾರ ಕೊಟ್ಟರೋ ಇಲ್ಲವೋ, ಎಷ್ಟು ಮಂದಿಗೆ ಸೀರೆ ಉಡಿಸಿದರು ಎಂಬ ಮಾತು ನಿಮ್ಮ ಮನೆಯ ಕಟ್ಟೆಯ ಮೇಲೆ ನಡೆಯುತ್ತದೆ. ನಿಮ್ಮ ಮಾವ ಆ ಮರ್ಯಾದೆಗಾಗಿ ಸಂಘದ ಸಾಲ ಎತ್ತಿರಬಹುದು, ಹತ್ತಿ ಮಾರುವ ಮೊದಲೇ ಅಡತಿ ಅಂಗಡಿಯಿಂದ ಮುಂಗಡ ತಂದಿರಬಹುದು. ನಿಮಗೆ ಯಾರೂ ಹೇಳುವುದಿಲ್ಲ. ಆ ಚಿಂತೆ ಮನೆಯಲ್ಲಿದ್ದರೆ ಬಾಣಂತಿಯ ಬಾಯಿಗೆ ಉಂಡಿಯೂ ರುಚಿಸುವುದಿಲ್ಲ. ಆದ್ದರಿಂದ ನಿಮ್ಮ ತಾಯಿಗೆ ನೀವೇ ಹೇಳಬೇಕು: ‘ಅವ್ವಾ, ತೊಟ್ಲಕ್ಕ ನಾವೇನೂ ಕೇಳೂದ ಬ್ಯಾಡ.’ ಅತ್ತೆಯ ಕೈಗೆ ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಕ್ಕಿಲ್ಲ. ಬೆಳಗಾವಿಯಿಂದ ಬರುವಾಗ ಅಂಟು, ಉತ್ತತ್ತಿ, ಬಾದಾಮಿ, ಒಂದು ಡಬ್ಬಿ ತುಪ್ಪ ಹೊತ್ತುಕೊಂಡು ಬನ್ನಿ, ಅದನ್ನು ಯಾರೂ ಬೇಡ ಅನ್ನುವುದಿಲ್ಲ. ಖಾಸಗಿ ದವಾಖಾನೆಯಾಗಿದ್ದರೆ ಬಿಲ್ಲನ್ನು ಮಾವ ಕೌಂಟರಿಗೆ ಹೋಗುವ ಮೊದಲೇ ಹೋಗಿ ಕಟ್ಟಿಬಿಡಿ.

ಇನ್ನು ರಾತ್ರಿಯ ಪಾಳಿ. ಎಳೆಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಮೊಲೆ ಕುಡಿಯುತ್ತದೆ. ದಿನದಲ್ಲಿ ಸುಮಾರು ಹದಿನಾರು ತಾಸು ನಿದ್ದೆ ಮಾಡುತ್ತದೆ, ಆದರೆ ಒಮ್ಮೆಗೆ ಎರಡು ಮೂರು ತಾಸು ಮಾತ್ರ. ಅದು ಎದ್ದಾಗೆಲ್ಲ ತಾಯಿ ಏಳಬೇಕು. ಹಾಲು ಕೊಡುವುದೊಂದು ಬಿಟ್ಟು ಮಿಕ್ಕದ್ದೆಲ್ಲ ನೀವು ಮಾಡಬಹುದು. ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು, ಕತ್ತಿಗೆ ಆಸರೆ ಕೊಟ್ಟು, ತೇಗು ಬರುವತನಕ ಬೆನ್ನು ತಟ್ಟಿ. ಹಳೆಯ ದೋತರ ಹರಿದು ಮಾಡಿದ ಬಟ್ಟೆಗಳನ್ನು ಬದಲಿಸಿ, ಒಗೆದು ಬಿಸಿಲಿಗೆ ಹಾಕಿ. ಗಂಡಸು ಕೂಸಿನ ಬಟ್ಟೆ ಒಗೆದರೆ ಓಣಿಯಲ್ಲಿ ಎರಡು ದಿನ ನಗುತ್ತಾರೆ, ಮೂರನೆಯ ದಿನ ಅವರವರ ಹೆಂಡಂದಿರು ಅವರವರಿಗೆ ಪಾಠ ಹೇಳುತ್ತಾರೆ. ಕೂಸು ಕಡಿಮೆ ತೂಕದ್ದಾದರೆ ನಿಮ್ಮ ಅಂಗಿ ಬಿಚ್ಚಿ ಬರಿ ಎದೆಗೆ ಹಚ್ಚಿಕೊಂಡು ಮೇಲೆ ಕೌದಿ ಹೊದ್ದು ಕೂಡಿ. ತಂದೆಯ ಮೈಯ ಬಿಸಿಯೂ ಕೂಸನ್ನು ಕಾಯುತ್ತದೆ.

ಅತ್ತರೆ ಹಾಲು ಸಾಲದೆಂದು ತಕ್ಷಣ ಡಬ್ಬಿ ಪುಡಿ ತರಬೇಡಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಕಾಗಿದೆ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಅಳು ಒಂದೂವರೆ ತಿಂಗಳ ಹೊತ್ತಿಗೆ ಏರಿ ಆಮೇಲೆ ತಾನೇ ಇಳಿಯುತ್ತದೆ. ಎಷ್ಟೇ ಬೇಸರ ಬಂದರೂ ಕೂಸನ್ನು ಜೋರಾಗಿ ಅಲುಗಾಡಿಸಬೇಡಿ. ಅದರ ಮೆದುಳಿಗೆ ಪೆಟ್ಟಾಗುತ್ತದೆ. ಮಲಗಿಸುವಾಗ ಬೆನ್ನ ಮೇಲೆ ಮಲಗಿಸಿ.

ಮನಸ್ಸಿನ ವಿಷಯ ಹೇಳದಿದ್ದರೆ ಈ ಕಿವಿಮಾತು ಅರ್ಧವೇ. ಹೆರಿಗೆಯಾದ ಮೂರು ನಾಲ್ಕನೇ ದಿನ ಬಾಣಂತಿ ಕಾರಣವಿಲ್ಲದೆ ಅಳುತ್ತಾಳೆ, ಸಿಡುಕುತ್ತಾಳೆ. ಅದು ಎಷ್ಟೋ ತಾಯಂದಿರಿಗೆ ಆಗುವಂಥದ್ದು, ಹತ್ತು ಹನ್ನೆರಡು ದಿನದಲ್ಲಿ ತಿಳಿಯಾಗುತ್ತದೆ. ಎರಡು ವಾರ ದಾಟಿಯೂ ಮಂಕಾಗಿಯೇ ಇದ್ದರೆ, ಕೂಸನ್ನು ನೋಡಲೇ ಮನಸ್ಸಿಲ್ಲದಿದ್ದರೆ, ಕೂಸು ಮಲಗಿದಾಗಲೂ ತನಗೆ ನಿದ್ದೆ ಬಾರದಿದ್ದರೆ, ಸಾಯುವ ಮಾತಾಡಿದರೆ ಅದು ಕಾಯಿಲೆ. ಇಲ್ಲದ್ದು ಕಾಣಿಸತೊಡಗಿದರೆ, ಏನೇನೋ ಮಾತಾಡಿದರೆ ಅದೇ ದಿನ ದವಾಖಾನೆಗೆ ಕರೆದೊಯ್ಯಬೇಕು. ‘ಗಾಳಿ ಸೋಕೈತಿ’ ಎಂದು ತಾಯತ ಕಟ್ಟಿಸಿ ಕೂಡುವ ಹೊತ್ತಲ್ಲ ಅದು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಡಿಮ್ಹಾನ್ಸ್, ಇದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಪುಕ್ಕಟೆ.

ಹೆಣ್ಣು ಹುಟ್ಟಿದ ಮನೆಗಳಲ್ಲಿ, ಅದರಲ್ಲೂ ಎರಡನೆಯದೂ ಹೆಣ್ಣಾದಾಗ, ಈ ಮಂಕು ಹೆಚ್ಚು. ಬಾಣಂತಿ ಮೊದಲು ನೋಡುವುದು ಗಂಡನ ಮುಖ. ನೀವು ಒಂದು ಕ್ಷಣ ಮುಖ ಸಣ್ಣ ಮಾಡಿದರೂ ಆಕೆ ಅದನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜದಿಂದ ನಿರ್ಧಾರವಾಗುತ್ತದೆ, ತಾಯಿಯಿಂದಲ್ಲ. ಚೆನ್ನಮ್ಮನ ಸಮಾಧಿ ಇರುವ ತಾಲೂಕು ನಮ್ಮದು. ಆಕೆಯ ಹೆಸರು ಹೇಳಿ ಎದೆ ಉಬ್ಬಿಸುವವರು ಮಗಳು ಹುಟ್ಟಿದಾಗ ತಲೆ ತಗ್ಗಿಸಬಾರದು. ಪೇಡೆ ಹಂಚುವುದಿದ್ದರೆ ಎರಡಕ್ಕೂ ಒಂದೇ ಅಳತೆ.

ಐದನೆಯ ದಿನ ಶೆಟವಿತಾಯಿ ಬಂದು ಹಣೆಬರಹ ಬರೆಯುತ್ತಾಳೆಂದು ಹಾಳೆ, ಪೆನ್ನು ಇಡುತ್ತಾರೆ. ಇಡಲಿ. ಹಾಳೆಯ ಪಕ್ಕ ನೀವು ಇನ್ನೊಂದು ಕಾಗದ ಸಿದ್ಧಪಡಿಸಿ: ಜನನ ನೋಂದಣಿ. 21 ದಿನದೊಳಗೆ ಪುಕ್ಕಟೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ, ಆಧಾರಿಗೂ, ಪಾಸ್‌ಪೋರ್ಟಿಗೂ ಹುಟ್ಟಿದ ದಿನದ ಆಧಾರ ಜನನ ಪ್ರಮಾಣಪತ್ರವೇ. ಅಪ್ಪ ಅವ್ವನ ಹೆಸರು ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಬರೆಸಿ. ಒಂದಕ್ಷರ ಆಚೀಚೆಯಾದರೆ ಮುಂದೆ ತಹಶೀಲ್ದಾರ ಕಚೇರಿಗೆ ಅಲೆಯಬೇಕು.

ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ, ಹಿಂದಿನಿಂದ ಎಲ್ಲರೂ ಆಕೆಯ ಬೆನ್ನಿಗೆ ಗುದ್ದುತ್ತಾರೆ. ನಕ್ಕು ನಲಿಯಿರಿ. ಆದರೆ ಆ ದಿನ ಕೂಸು ಕೈಯಿಂದ ಕೈಗೆ ದಾಟದಂತೆ, ಕೆಮ್ಮು ನೆಗಡಿ ಇದ್ದವರು ಮುದ್ದಿಡದಂತೆ, ಸ್ಪೀಕರಿನ ಡಬ್ಬ ತೊಟ್ಟಿಲ ಹತ್ತಿರ ಇಡದಂತೆ ನೋಡಿಕೊಳ್ಳುವವರು ನೀವು. ಅಳಿಯ ಹೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಇಷ್ಟು ಮರ್ಯಾದೆ ಕೊಟ್ಟಿದ್ದು ಇಂಥದ್ದಕ್ಕಾದರೂ ಬಳಕೆಯಾಗಲಿ.

ಇಷ್ಟು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ತಾಯಿಗೆ ಒಂದು ತಾಸಿನೊಳಗೆ ಬಟ್ಟೆ ತೊಯ್ಯುವಷ್ಟು ರಕ್ತ ಹೋದರೆ, ಚಳಿಜ್ವರ ಬಂದರೆ, ಮೈಯಿಂದ ಹೋಗುವ ಸ್ರಾವ ನಾರುತ್ತಿದ್ದರೆ, ತಡೆಯಲಾರದ ತಲೆನೋವು, ಕಣ್ಣು ಮಂಜು, ಫಿಟ್ಸ್, ಉಸಿರು ಕಟ್ಟುವಿಕೆ ಇದ್ದರೆ ತಡಮಾಡಬೇಡಿ. ಕೂಸು ಮೊಲೆ ಹಿಡಿಯದಿದ್ದರೆ, ಮೈ ಕಾದರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಪಕ್ಕೆ ಒಳಸೇದಿದರೆ, ಹೊಕ್ಕಳ ಸುತ್ತ ಕೆಂಪಾಗಿ ಕೀವು ಬಂದರೆ, ಮೊದಲ ದಿನವೇ ಹಳದಿಯಾದರೆ ಅಥವಾ ಅಂಗೈ ಅಂಗಾಲಿನತನಕ ಹಳದಿ ಇಳಿದರೆ 108ಕ್ಕೆ ಫೋನ್ ಮಾಡಿ. ಕಾಮಾಲೆಗೋ ಹೊಟ್ಟೆ ಉಬ್ಬರಕ್ಕೋ ಬಳೆ ಕಾಸಿ ಬರೆ ಹಾಕಿಸಲು ಯಾರಾದರೂ ಹೊರಟರೆ ಕೂಸನ್ನು ನಿಮ್ಮ ಕೈಗೆ ತೆಗೆದುಕೊಂಡು ನೇರ ದವಾಖಾನೆಗೆ ನಡೆಯಿರಿ. ಅಲ್ಲಿ ಮಾತ್ರ ಮರ್ಯಾದೆ, ಸಂಕೋಚ ಏನೂ ನೋಡಬೇಡಿ.

ಮೂರು ತಿಂಗಳಿಗೋ ಐದು ತಿಂಗಳಿಗೋ ಆಕೆ ನಿಮ್ಮ ಮನೆಗೆ ಬರುತ್ತಾಳೆ. ಬಂದ ಮರುದಿನವೇ ಹೊಲಕ್ಕೆ, ಹೆಂಡಿಕಸಕ್ಕೆ, ಹತ್ತು ಜನರ ರೊಟ್ಟಿಗೆ ಹಚ್ಚಬೇಡಿ. ಆಕೆ ಹಾಲೂಡಿಸುವ ತಾಯಿ ಎಂಬುದನ್ನು ನಿಮ್ಮ ಮನೆಯವರಿಗೆ ಮೊದಲೇ ಹೇಳಿಡಿ. ಮುಂದಿನ ಕೂಸಿಗೆ ಮೂರು ವರ್ಷವಾದರೂ ಅಂತರವಿರಲಿ, ಅದರ ಹೊಣೆಯನ್ನು ಆಕೆಯೊಬ್ಬಳ ತಲೆಗೆ ಕಟ್ಟಬೇಡಿ.

ಕೇಂದ್ರ ಸರಕಾರದ ನೌಕರಿಯಲ್ಲಿರುವ ಗಂಡಸರಿಗೆ 15 ದಿನದ ಪಿತೃತ್ವ ರಜೆ ಇದೆ. ನಿಮ್ಮ ಕಚೇರಿಯಲ್ಲಿ ಏನಿದೆ ಎಂದು ಈಗಲೇ ಕೇಳಿಕೊಳ್ಳಿ. ಹೊಲದವರಿಗೆ ಯಾರೂ ರಜೆ ಕೊಡುವುದಿಲ್ಲ, ತಾವೇ ತೆಗೆದುಕೊಳ್ಳಬೇಕು. ಹಡೆದ ಮೇಲಿನ 42 ದಿನದಲ್ಲಿ ಹತ್ತು ದಿನವಾದರೂ ಆಕೆಯ ಹತ್ತಿರ ಇರಿ. ಉಳಿದ ದಿನ ಫೋನ್ ಮಾಡುವಾಗ ‘ಕೂಸ ಹೆಂಗೈತಿ’ ಎಂದು ಆಮೇಲೆ ಕೇಳಿ, ‘ನೀ ಉಂಡೀ? ನಿದ್ದಿ ಆತೇನ?’ ಎಂದು ಮೊದಲು ಕೇಳಿ.